ಮೂರು ವಾರ ದಾಟಿದ ಕೆಮ್ಮು: ಕ್ಷಯವೋ, ಕ್ಯಾನ್ಸರೋ?

ಕೆಮ್ಮು ಬಂದರೆ ಮೊದಲು ಮನೆಯ ಕಷಾಯ, ಅದಕ್ಕೆ ಬಗ್ಗದಿದ್ದರೆ ಔಷಧ ಅಂಗಡಿಯ ಸಿರಪ್, ಆಮೇಲೆ ಬಡಾವಣೆಯ ವೈದ್ಯರು ಬರೆದುಕೊಡುವ ಐದು ದಿನಗಳ ಆ್ಯಂಟಿಬಯಾಟಿಕ್ ಮಾತ್ರೆ. ನಗರವಾಸಿಗಳ ಮನೆಗಳಲ್ಲಿ ಇದೇ ರೂಢಿ. ಬಹುಪಾಲು ಕೆಮ್ಮುಗಳು ಇಷ್ಟರಲ್ಲೇ ಶಮನವಾಗುತ್ತವೆ. ಹಾಗೆ ಶಮನವಾಗದೆ ವಾರಗಟ್ಟಲೆ ಉಳಿಯುವ ಕೆಮ್ಮಿನ ಬಗ್ಗೆಯೇ ಎಚ್ಚರ ಬೇಕು. ಭಾರತದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಪತ್ತೆಯಾಗುವುದು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ. ಅಷ್ಟು ಹೊತ್ತಿಗೆ ಶಸ್ತ್ರಚಿಕಿತ್ಸೆಯ ಮೂಲಕ ಗೆಡ್ಡೆಯನ್ನು ತೆಗೆದುಹಾಕುವ ಅವಕಾಶ ಹೆಚ್ಚಿನ ರೋಗಿಗಳಿಗೆ ಕೈತಪ್ಪಿರುತ್ತದೆ.

ಈ ವಿಳಂಬಕ್ಕೆ ಒಂದು ಕಾರಣ ದೇಹರಚನೆಯಲ್ಲೇ ಇದೆ. ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಸುವ ನರಗಳಿಲ್ಲ. ಗೆಡ್ಡೆ ಬೆಳೆದು ಶ್ವಾಸಕೋಶವನ್ನು ಆವರಿಸಿರುವ ಪೊರೆಯನ್ನೋ ಎದೆಗೂಡನ್ನೋ ತಲುಪಿದ ನಂತರವೇ ನೋವು ಕಾಣಿಸಿಕೊಳ್ಳುತ್ತದೆ. ನೋವಿಲ್ಲ, ಹಾಗಾಗಿ ರೋಗವಿಲ್ಲ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು.

ಇನ್ನೊಂದು ಕಾರಣ ಕ್ಷಯರೋಗ. ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ನಮ್ಮದು. ಬಿಡದ ಕೆಮ್ಮು, ಕಫದಲ್ಲಿ ರಕ್ತ, ಹಸಿವಿಲ್ಲದಿರುವುದು, ತೂಕ ಇಳಿಯುವುದು ಎರಡೂ ರೋಗಗಳಲ್ಲಿ ಉಂಟು. ಎಕ್ಸ್-ರೇಯಲ್ಲಿ ಕಾಣುವ ಬಿಳಿಯ ಕಲೆಯೂ ಒಂದೇ ಬಗೆಯದಾಗಿರಬಹುದು. ಕಫ ಪರೀಕ್ಷೆಯಲ್ಲಿ ಕ್ಷಯ ದೃಢಪಡದೆ, ಕೇವಲ ಎಕ್ಸ್-ರೇ ಆಧರಿಸಿ ಆರು ತಿಂಗಳ ಮಾತ್ರೆ ಆರಂಭವಾದರೆ ಕ್ಯಾನ್ಸರ್‌ ರೋಗಿಯ ಅಮೂಲ್ಯ ಸಮಯ ಅಲ್ಲಿಯೇ ಕಳೆದುಹೋಗುತ್ತದೆ. ಗೆಡ್ಡೆಯ ಹಿಂದೆ ಸೇರಿಕೊಂಡ ಸೋಂಕು ಔಷಧಕ್ಕೆ ತಗ್ಗಿ, ಕೆಲದಿನ ಗುಣವಾದಂತೆ ಕಾಣುವುದೂ ಇದೆ. ರೋಗಿಗೂ ಮನೆಯವರಿಗೂ ಆಗ ಸಮಾಧಾನ. ಒಳಗೆ ಗೆಡ್ಡೆ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು ಎನ್ನುತ್ತದೆ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಪರೀಕ್ಷೆ ಉಚಿತ. ಇದರಲ್ಲಿ ಕ್ಷಯದ ರೋಗಾಣು ಸಿಗದೆ ಕೆಮ್ಮು ಮುಂದುವರಿದರೆ, ಅಥವಾ ಕ್ಷಯದ ಔಷಧ ಕೆಲವು ವಾರ ಸೇವಿಸಿದರೂ ಎಕ್ಸ್-ರೇಯ ಕಲೆ ಕರಗದಿದ್ದರೆ, ‘ಇದು ಬೇರೆ ಏನಾದರೂ ಇರಬಹುದೇ?’ ಎಂದು ವೈದ್ಯರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚ ಸಲ್ಲದು. ಮುಂದಿನ ಹೆಜ್ಜೆ ಸಿ.ಟಿ. ಸ್ಕ್ಯಾನ್, ಶಂಕೆ ಉಳಿದರೆ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತಪಡಿಸುವುದು ಬಯಾಪ್ಸಿಯೇ. ಹೃದಯದ ಅಥವಾ ಕೊರಳೆಲುಬಿನ ಮರೆಯಲ್ಲಿರುವ ಸಣ್ಣ ಗೆಡ್ಡೆ ಎಕ್ಸ್-ರೇಯಲ್ಲಿ ಕಾಣದೇ ಹೋಗಬಹುದಾದ್ದರಿಂದ ‘ಎಕ್ಸ್-ರೇ ನಾರ್ಮಲ್’ ಎಂಬುದೇ ಕೊನೆಯ ಮಾತಲ್ಲ.

ಕೆಮ್ಮಿಲ್ಲದೆಯೂ ಸುಳಿವು ಸಿಗುತ್ತದೆ. ಶೀತವಿಲ್ಲದೆ ಮೂರು ವಾರ ಧ್ವನಿ ಒಡೆದಿದ್ದರೆ ಗಂಟಲಷ್ಟೇ ಕಾರಣವೆಂದು ತಿಳಿಯಬಾರದು. ಧ್ವನಿಪೆಟ್ಟಿಗೆಗೆ ಹೋಗುವ ಎಡಭಾಗದ ನರ ಎದೆಯೊಳಕ್ಕೆ ಇಳಿದು ಸುತ್ತಿಕೊಂಡು ಮೇಲೇರುತ್ತದೆ. ಅಲ್ಲಿನ ಗೆಡ್ಡೆ ಅದನ್ನು ಒತ್ತಬಲ್ಲದು. ಶ್ವಾಸಕೋಶದ ತುದಿಯಲ್ಲಿ ಹುಟ್ಟುವ ಗೆಡ್ಡೆ ಭುಜ ಮತ್ತು ತೋಳಿನ ನೋವಾಗಿ ಕಾಡುತ್ತದೆ. ಇಂತಹ ರೋಗಿಗಳು ಕುತ್ತಿಗೆ ಸವೆತವೆಂದು ಭಾವಿಸಿ ಮೂಳೆ ತಜ್ಞರ ಬಳಿ ಅಲೆಯುವುದುಂಟು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಬರುವುದು, ಮುಖ-ಕತ್ತು ಊದಿಕೊಳ್ಳುವುದು ಕೂಡ ಕಡೆಗಣಿಸುವಂಥವಲ್ಲ.

ಮನೆಯಲ್ಲೇ ನೋಡಬಹುದಾದ ಗುರುತೂ ಒಂದಿದೆ. ಎರಡೂ ತೋರುಬೆರಳುಗಳ ಉಗುರುಗಳನ್ನು ಎದುರುಬದುರಾಗಿ ತಾಗಿಸಿದರೆ ಬುಡದಲ್ಲಿ ವಜ್ರಾಕಾರದ ಸಣ್ಣ ಸಂದು ಕಾಣಬೇಕು. ಬೆರಳ ತುದಿ ದಪ್ಪವಾಗಿ ಆ ಸಂದು ಮುಚ್ಚಿಹೋಗಿದ್ದರೆ ವೈದ್ಯರಿಗೆ ತೋರಿಸಬೇಕು. ಹೃದಯದ ಮತ್ತು ಇತರ ಶ್ವಾಸಕೋಶದ ಕಾಯಿಲೆಗಳಲ್ಲಿಯೂ ಹೀಗಾಗುವುದರಿಂದ ಗಾಬರಿ ಬೇಕಿಲ್ಲ.

ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚೆಂಬುದು ಎಲ್ಲರಿಗೂ ತಿಳಿದದ್ದೇ. ಅವರ ತೊಂದರೆಯೆಂದರೆ ಕೆಮ್ಮು ಹೊಸತಲ್ಲ. ಆದುದರಿಂದ ಕೆಮ್ಮಿನ ಸ್ವಭಾವ ಬದಲಾದುದನ್ನು ಗಮನಿಸಬೇಕು: ಬೆಳಗಿನ ಕೆಮ್ಮು ದಿನವಿಡೀ ಕಾಡುತ್ತಿದೆಯೇ, ಕಫದಲ್ಲಿ ಒಂದೆಳೆ ರಕ್ತವಿದೆಯೇ? ಇತ್ತ ಒಮ್ಮೆಯೂ ಧೂಮಪಾನ ಮಾಡದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಅಡಿನೋಕಾರ್ಸಿನೋಮಾ ಎಂಬ ಬಗೆ ಕಂಡುಬರುತ್ತಿದೆ. ಸೌದೆ ಒಲೆಯ ಹೊಗೆ, ಮನೆಯವರು ಸೇದಿ ಬಿಟ್ಟ ಹೊಗೆಗಳೂ ಅಪಾಯಕಾರಿ. ‘ನಾನು ಸೇದುವುದಿಲ್ಲವಲ್ಲ’ ಎಂಬ ಧೈರ್ಯವೇ ಇವರ ತಪಾಸಣೆಯನ್ನು ಮುಂದೂಡುತ್ತದೆ.

ಲಕ್ಷಣವೇ ಇಲ್ಲದಾಗ ಪತ್ತೆ ಮಾಡುವ ದಾರಿಯೂ ಇದೆ. ದೀರ್ಘಕಾಲ ಧೂಮಪಾನ ಮಾಡಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿದಾಗ, ಎಕ್ಸ್-ರೇ ಮಾಡಿಸಿಕೊಂಡವರಿಗಿಂತ ಈ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಾದುದನ್ನು 2011ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ಹಳೆಯ ಕ್ಷಯದ ಕಲೆಗಳು ನಮ್ಮಲ್ಲಿ ಸಾಮಾನ್ಯ. ಅವನ್ನೇ ಗೆಡ್ಡೆಯೆಂದು ಶಂಕಿಸುವ ಪ್ರಮೇಯ ಇಲ್ಲಿ ಹೆಚ್ಚು.

ಈ ಗೊಂದಲ ನಿವಾರಣೆಗೆ ಹಳೆಯ ಎಕ್ಸ್-ರೇ ಫಿಲ್ಮು ದೊಡ್ಡ ನೆರವು. ವರ್ಷಗಳಿಂದ ಬದಲಾಗದ ಕಲೆ ಸಾಮಾನ್ಯವಾಗಿ ವಾಸಿಯಾದ ಕ್ಷಯದ ಗುರುತು. ಹೊಸದಾಗಿ ಮೂಡಿದ ಅಥವಾ ಹಿಗ್ಗಿದ ಕಲೆಯನ್ನು ಕೂಡಲೇ ಪರೀಕ್ಷಿಸಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೇ ಹೋಗಲಿ, ಜಿಲ್ಲಾಸ್ಪತ್ರೆಗೇ ಹೋಗಲಿ, ಬೀರುವಿನಲ್ಲಿರುವ ಹಳೆಯ ಫಿಲ್ಮುಗಳನ್ನೂ ಕಫ ಪರೀಕ್ಷೆಯ ವರದಿಯನ್ನೂ ಜತೆಗೆ ಒಯ್ಯುವುದು ಒಳಿತು.