ಹಳೆಯ ಕಾರಿಗೆ ಹೊಸ ರಬ್ಬರು

ಮಳೆಗಾಲ ಕಾಲಿಟ್ಟಿತೆಂದರೆ ಹಳೆಯ ಅಂಬಾಸಿಡರ್ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡಿರುವ ಮನೆಗಳಲ್ಲಿ ಒಂದು ವಿವಾದ ತಪ್ಪದೆ ಹುಟ್ಟುತ್ತದೆ. ಗಾಜುಗಳನ್ನೆಲ್ಲ ಏರಿಸಿ ನಿಲ್ಲಿಸಿದ ಕಾರಿನೊಳಗೆ ಮುಗ್ಗಲು ವಾಸನೆ ಬಂದುದು ಎಲ್ಲಿಂದ? ಯಜಮಾನರು ಮಕ್ಕಳನ್ನು ದೂರುತ್ತಾರೆ. ಮನೆಯಾಕೆ ಕಾರನ್ನೇ ದೂರುತ್ತಾರೆ. ಬಹುಮಟ್ಟಿಗೆ ನಿಜವಾದ ಅಪರಾಧಿ, ಬಾಗಿಲಂಚಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕುಬಿಟ್ಟು ಕುಳಿತಿರುವ ರಬ್ಬರು ಪಟ್ಟಿ. ಷಾಪಿನವರು ಇದನ್ನು ‘ಬೀಡಿಂಗ್’ ಎನ್ನುತ್ತಾರೆ.

ಇಷ್ಟೇ ತಾನೆ ಎಂದು ಅಲಕ್ಷಿಸುವಂತಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯಿಂದ ರೂಪುಗೊಂಡ ಈ ಗಾಡಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿಯಿಲ್ಲ. ನೆಲದ ತಗಡೂ ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾದುಹೋಗುವ ಪೆಟ್ಟಿಗೆಯಂಥ ಭಾಗವೂ ಅದರ ಬೆನ್ನೆಲುಬು. ಕಾಲೊರಸಿನ ಅಡಿಯಲ್ಲಿ ನಿಂತ ನೀರು ಯಾರ ಕಣ್ಣಿಗೂ ಬೀಳದೆ ಆ ಬೆನ್ನೆಲುಬನ್ನೇ ತಿನ್ನುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆ 2014ರಲ್ಲಿ ಕೆಲಸ ನಿಲ್ಲಿಸಿದೆ. ಇಂಜಿನು ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು. ತುಕ್ಕು ಹಿಡಿದು ನೆಲವೇ ಕುಸಿದರೆ ಟಿಂಕರಿಂಗ್ ಖರ್ಚಿಗೆ ಹೆದರಿ ಅನೇಕರು ಗುಜರಿಯ ದಾರಿ ಹಿಡಿಯುತ್ತಾರೆ.

ರಬ್ಬರು ಏಕೆ ಹೀಗಾಗುತ್ತದೆ? ಗಂಧಕ ಬೆರೆಸಿ ಕಾಯಿಸಿದ ರಬ್ಬರು ಸೆಕೆಗೆ ಅಂಟಾಗದೆ, ಚಳಿಗೆ ಪೆಡಸಾಗದೆ ಉಳಿಯುವುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡರು. ಆದರೂ ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಜೋನ್, ಎಳೆದು ಬಿಗಿದ ಸಹಜ ರಬ್ಬರನ್ನು ಅಡ್ಡಡ್ಡಲಾಗಿ ಸೀಳುತ್ತದೆ. ಬಿಸಿಲು ಅದನ್ನು ಇನ್ನಷ್ಟು ಕೆಡಿಸುತ್ತದೆ. ಅಡುಗೆಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಬಿರುಸಾಗುವುದನ್ನು ಬಲ್ಲ ಗೃಹಿಣಿಯರಿಗೆ ರಬ್ಬರಿನ ಮುಪ್ಪನ್ನು ವಿವರಿಸಬೇಕಾಗಿಲ್ಲ! ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು ಬಿಸಿಲಿಗೂ ಓಜೋನಿಗೂ ಚೆನ್ನಾಗಿ ತಡೆಯುತ್ತದೆ. ಪೆಟ್ರೋಲು, ಎಣ್ಣೆ ಮಾತ್ರ ಅದಕ್ಕೆ ಆಗದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗೆ ಹೋಗುವಾಗ ಹಳೆಯ ಪಟ್ಟಿಯ ಗೇಣುದ್ದದ ತುಂಡನ್ನು ಜೊತೆಗೆ ಕೊಂಡೊಯ್ಯಿರಿ. ಕಾರಿನ ಹೆಸರು ಹೇಳಿದರಷ್ಟೇ ಸಾಲದು. ಪಟ್ಟಿಯ ದಪ್ಪವೂ ಅಡ್ಡಸೀಳಿನ ಆಕಾರವೂ ಹೊಂದಬೇಕು.

ಕೆಲಸದಲ್ಲಿ ಮುಕ್ಕಾಲು ಪಾಲು ಸಿದ್ಧತೆಯೇ. ಹಳೆಯ ಪಟ್ಟಿಯನ್ನು ಕಿತ್ತು, ಒಣಗಿದ ಅಂಟನ್ನು ಸೀಮೆಎಣ್ಣೆಯಿಂದ ನೆನೆಸಿ ಕೆರೆದು, ಜಿಡ್ಡು ಉಳಿಯದಂತೆ ಒರಸಬೇಕು. ತುಕ್ಕು ಕಂಡಲ್ಲಿ ಉಪ್ಪುಕಾಗದದಿಂದ ಉಜ್ಜಿ ಪ್ರೈಮರು, ಬಣ್ಣ ಬಳಿದು ಪೂರ್ತಿ ಆರಲು ಬಿಡಬೇಕು. ಆಮೇಲೆ ಅಂಟಿಲ್ಲದೆಯೇ ಪಟ್ಟಿಯನ್ನು ಒಮ್ಮೆ ಸುತ್ತ ಇಟ್ಟು ನೋಡಿ. ಎಳೆಯಬೇಡಿ! ಎಳೆದು ಕೂರಿಸಿದ ರಬ್ಬರು ಕೆಲವು ದಿನಗಳಲ್ಲಿ ಕುಗ್ಗಿ ಮೂಲೆಗಳಲ್ಲಿ ಬಾಯ್ಬಿಡುತ್ತದೆ. ಬಿರುಕಿಗೂ ಬೇಗ ತುತ್ತಾಗುತ್ತದೆ. ಎರಡು ತುದಿಗಳು ಸೇರುವ ಜಾಗ ಬಾಗಿಲಿನ ಕೆಳಭಾಗದಲ್ಲಿರಲಿ, ಮೇಲೆ ಬೇಡ. ರಬ್ಬರಿಗೂ ತಗಡಿಗೂ ತೆಳುವಾಗಿ ಸೊಲ್ಯೂಷನ್ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿ, ಬಾಗಿಲನ್ನು ರಾತ್ರಿಯಿಡೀ ಮುಚ್ಚಿಡಿ.

ಮುಂದಿನ ಗಾಜಿನದು ಇಬ್ಬರ ಕೆಲಸ, ನೋಡಲು ಬಲು ಸೊಗಸು. ಗಾಜಿನ ಸುತ್ತ ರಬ್ಬರನ್ನು ತೊಡಿಸಿ, ಅದರ ಹೊರಗಾಲುವೆಯಲ್ಲಿ ಗಟ್ಟಿಯಾದ ಹುರಿಯೊಂದನ್ನು ಸುತ್ತಿ, ಸಾಬೂನು ನೀರು ಸವರಿ ಚೌಕಟ್ಟಿಗೆ ಒರಗಿಸುತ್ತಾರೆ. ಹೊರಗಿನವನು ಅಂಗೈಯಿಂದ ಒತ್ತುತ್ತಿರುವಾಗ ಒಳಗಿನವನು ಹುರಿಯನ್ನು ನಿಧಾನವಾಗಿ ಎಳೆಯುತ್ತಾನೆ. ರಬ್ಬರಿನ ತುಟಿ ತಗಡನ್ನು ದಾಟಿ ಒಳಗೆ ಮಡಚಿಕೊಳ್ಳುತ್ತದೆ. ಗಾಜು ಒಡೆದರೆ ನಷ್ಟ ದೊಡ್ಡದಾದ್ದರಿಂದ ಇದನ್ನು ಪಳಗಿದ ಮೇಸ್ತ್ರಿಗೆ ಬಿಡುವುದೇ ಲೇಸು.

ಪರೀಕ್ಷೆಗೆ ಕಾಗದದ ತುಂಡು ಸಾಕು. ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸರಾಗವಾಗಿ ಜಾರಿ ಬಂದಲ್ಲಿ ಸಂದು ಉಳಿದಿದೆ. ಬಳಿಕ ನೀರು ಬಿಡುವಾಗ ಕೆಳಗಿನಿಂದ ಮೇಲಕ್ಕೆ ಸಾಗಿ. ಆಗ ಸೋರುವ ಎಡೆ ತಾನಾಗಿ ತಿಳಿಯುತ್ತದೆ. ಬಾಗಿಲಿನ ತಳದಲ್ಲಿರುವ ಸಣ್ಣ ರಂಧ್ರಗಳನ್ನು ಮಾತ್ರ ಎಂದಿಗೂ ಮುಚ್ಚಬಾರದು. ಇಳಿಯುವ ಗಾಜಿನ ಪಕ್ಕದಿಂದ ಒಂದಿಷ್ಟು ನೀರು ಬಾಗಿಲಿನ ಹೊಟ್ಟೆಗೆ ಸೇರಿಯೇ ಸೇರುತ್ತದೆ, ಅದು ಹೊರಬೀಳುವುದು ಅಲ್ಲಿಂದಲೇ.

ಮೊದಲ ಕೆಲವು ದಿನ ಬಾಗಿಲು ಬಿಗಿಯಾಗಿ, ಸ್ವಲ್ಪ ಜೋರಾಗಿಯೇ ಹಾಕಬೇಕಾಗುತ್ತದೆ. ರಬ್ಬರು ಒತ್ತಿಗೆ ಹೊಂದಿಕೊಳ್ಳುವವರೆಗೆ ಬೀಗದ ತಿರುಪುಗಳನ್ನು ಮುಟ್ಟಬೇಡಿ.