ಮಧುಮೇಹ ಕಂಡ ಬೆಕ್ಕಿಗೆ ತುರಿಕೆ ಹತ್ತಿದಾಗ

ನಡುವಯಸ್ಸು ದಾಟಿದ, ಮೈತೂಕ ಏರಿದ ಬೆಕ್ಕುಗಳಲ್ಲಿ, ಅದರಲ್ಲೂ ಸಂತಾನಹರಣ ಚಿಕಿತ್ಸೆಯಾದ ಗಂಡುಗಳಲ್ಲಿ ಹೆಚ್ಚಾಗಿ ಕಾಣುವ ಮಧುಮೇಹವು ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಬಹುಮಟ್ಟಿಗೆ ಹೋಲುತ್ತದೆ. ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುತ್ತಿದ್ದರೂ ದೇಹದ ಅಂಗಾಂಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಈ ಸ್ಥಿತಿಗೆ ಇನ್ಸುಲಿನ್ ಪ್ರತಿರೋಧವೆಂದು ಹೆಸರು. ಕಾಯಿಲೆಯನ್ನು ಬೇಗ ಗುರುತಿಸಿ, ಇನ್ಸುಲಿನ್ ಆರಂಭಿಸಿ, ಪಿಷ್ಟ ಕಡಿಮೆಯಿರುವ ಮಾಂಸಾಹಾರಕ್ಕೆ ಬದಲಿಸಿದರೆ ಎಷ್ಟೋ ಬೆಕ್ಕುಗಳು ಕೆಲವು ತಿಂಗಳುಗಳಲ್ಲಿ ಇನ್ಸುಲಿನ್ನಿನ ಹಂಗಿಲ್ಲದೆ ಬದುಕುವ ಹಂತ ತಲುಪುತ್ತವೆ. ವೈದ್ಯರು ಉಪಶಮನವೆಂದು ಕರೆಯುವ ಈ ಹಂತವು ಸಂಪೂರ್ಣ ಗುಣವಲ್ಲ. ಗ್ರಂಥಿಯ ಶಕ್ತಿ ಕುಂದಿಯೇ ಇರುವುದರಿಂದ ಹೊಸದೊಂದು ಒತ್ತಡ ಬಿದ್ದರೆ ರೋಗ ಮರುಕಳಿಸುತ್ತದೆ.

ಅಂಥ ಒತ್ತಡಗಳಲ್ಲಿ ಬಹಳ ಪ್ರಬಲವಾದುದು ತುರಿಕೆಗೆ ಕೊಡುವ ಔಷಧವೇ ಆಗಿರುವುದು ಈ ವಿಷಯದ ಕಷ್ಟ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಮೀಥೈಲ್‌ಪ್ರೆಡ್ನಿಸೋಲೋನ್ ಮುಂತಾದ ಸ್ಟೀರಾಯ್ಡ್‌ಗಳು ಅಲರ್ಜಿಯನ್ನು ಒಂದೆರಡು ದಿನಗಳಲ್ಲೇ ಅಡಗಿಸುತ್ತವೆಯಾದರೂ, ಯಕೃತ್ತು ಹೆಚ್ಚು ಸಕ್ಕರೆ ತಯಾರಿಸುವಂತೆ ಮಾಡಿ, ಅಂಗಾಂಶಗಳ ಇನ್ಸುಲಿನ್ ಪ್ರತಿರೋಧವನ್ನೂ ಹೆಚ್ಚಿಸುತ್ತವೆ. ಮಾತ್ರೆಯನ್ನಾದರೂ ತಗ್ಗಿಸುತ್ತ ಬಂದು ನಿಲ್ಲಿಸಬಹುದು. ಒಮ್ಮೆ ಚುಚ್ಚಿದರೆ ವಾರಗಟ್ಟಲೆ ದೇಹದಲ್ಲಿ ನಿಲ್ಲುವ ದೀರ್ಘಾವಧಿಯ ಚುಚ್ಚುಮದ್ದನ್ನು ಹಿಂದಕ್ಕೆ ತೆಗೆಯುವ ಉಪಾಯವಿಲ್ಲ. ಮಧುಮೇಹದ ಇತಿಹಾಸವಿರುವ ಬೆಕ್ಕಿಗೆ ಬರಿಯ ತುರಿಕೆಗಾಗಿ ಈ ಚುಚ್ಚುಮದ್ದನ್ನು ಕೊಡಲೇಬಾರದು.

ಹಾಗಾದರೆ ತುರಿಕೆಯ ಮೂಲವನ್ನು ಹುಡುಕುವುದೇ ದಾರಿ. ಬೆಕ್ಕು ಕೆರೆದುಕೊಳ್ಳುವುದಕ್ಕಿಂತ ನೆಕ್ಕಿಕೊಳ್ಳುವುದು ಹೆಚ್ಚಾದ್ದರಿಂದ, ಹೊಟ್ಟೆಯ ಮೇಲೂ ತೊಡೆಗಳ ಒಳಭಾಗದಲ್ಲೂ ಕೂದಲು ಸವೆದು ಬೋಳಾಗುವುದು, ಬೆನ್ನು ಸವರಿದಾಗ ರಾಗಿಕಾಳಿನಂಥ ಹುರುಕುಗಳು ಬೆರಳಿಗೆ ತಗಲುವುದು ಅಲರ್ಜಿಯ ಸಾಮಾನ್ಯ ಚಿಹ್ನೆಗಳು. ಮೊದಲು ಶಂಕಿಸಬೇಕಾದುದು ಚಿಗಟವನ್ನು. ಅದರ ಜೊಲ್ಲಿಗೆ ಒಗ್ಗದ ಬೆಕ್ಕಿಗೆ ನಾಲ್ಕಾರು ಕಡಿತಗಳೇ ಸಾಕು, ಮೈಯೆಲ್ಲ ತುರಿಕೆ ಏಳುತ್ತದೆ. ನೆಕ್ಕಿ ನೆಕ್ಕಿ ಚಿಗಟಗಳನ್ನು ಬೆಕ್ಕೇ ನುಂಗಿಬಿಡುವುದರಿಂದ ಅವು ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆ ಹತ್ತಿಯ ಮೇಲಿಟ್ಟಾಗ ಸುತ್ತಲೂ ಕೆಂಗಂದು ಬಣ್ಣ ಹರಡಿದರೆ, ಅದು ಧೂಳಲ್ಲ, ಬೆಕ್ಕಿನ ರಕ್ತ ಕುಡಿದ ಚಿಗಟದ ಹಿಕ್ಕೆ. ಬೆಂಗಳೂರಿನಂಥ ಊರುಗಳ ಹಿತವಾದ ಹವೆ ಚಿಗಟಕ್ಕೂ ವರ್ಷವಿಡೀ ಹಿತವಾದ್ದರಿಂದ, ಸೆಲಾಮೆಕ್ಟಿನ್ ಅಥವಾ ಫಿಪ್ರೋನಿಲ್‌ನಂಥ ಹನಿಮದ್ದನ್ನು ವೈದ್ಯರು ಹೇಳಿದ ಅಂತರದಲ್ಲಿ ಮನೆಯ ಎಲ್ಲ ಬೆಕ್ಕುನಾಯಿಗಳಿಗೂ ತಪ್ಪದೆ ಹಾಕಬೇಕು. ಮೊಟ್ಟೆ ಮರಿಗಳು ಇರುವುದು ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ ಆದ್ದರಿಂದ ಅವುಗಳನ್ನೂ ಶುಚಿಗೊಳಿಸಬೇಕು. ನಾಯಿಗಳಿಗೆಂದು ಮಾರುವ ಪರ್ಮೆಥ್ರಿನ್ ಇರುವ ಮದ್ದನ್ನು ಬೆಕ್ಕಿಗೆ ಸೋಕಿಸಬಾರದು. ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ.

ಚಿಗಟವಲ್ಲವೆಂದು ಖಚಿತವಾದ ಬಳಿಕ ಆಹಾರದ ಸರದಿ. ಬೆಕ್ಕು ಹಿಂದೆಂದೂ ತಿನ್ನದ ಒಂದೇ ಮಾಂಸವನ್ನು, ಅಥವಾ ಪ್ರೋಟೀನನ್ನು ಅಲರ್ಜಿ ಕೆರಳದಷ್ಟು ಚಿಕ್ಕ ತುಣುಕುಗಳಾಗಿ ಒಡೆದ ಸಿದ್ಧ ಆಹಾರವನ್ನು ಮಾತ್ರ ಸುಮಾರು 8 ವಾರ ಕೊಟ್ಟು ನೋಡುವುದು ಇದರ ಪರೀಕ್ಷೆ. ಈ ನಡುವೆ ಒಂದು ಗುಟುಕು ಹಾಲು ಕುಡಿದರೂ ಪರೀಕ್ಷೆ ಕೆಟ್ಟಂತೆಯೇ. ಇಲ್ಲಿ ಮಧುಮೇಹ ಮತ್ತೆ ಅಡ್ಡಬರುತ್ತದೆ, ಏಕೆಂದರೆ ಇಂಥ ಒಣ ಆಹಾರಗಳಲ್ಲಿ ಅನೇಕವು ಪಿಷ್ಟಭರಿತವಾಗಿದ್ದು, ಡಬ್ಬಿಯಲ್ಲಿ ಬರುವ ತೇವದ ಆಹಾರವೇ ಮೇಲು. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಆಹಾರದಲ್ಲಿ ಪಿಷ್ಟ ತಟ್ಟನೆ ಇಳಿದಾಗಲೂ ಅಪಾಯವೇ. ಹಳೆಯ ಪ್ರಮಾಣದ ಇನ್ಸುಲಿನ್ ಹೆಚ್ಚಾಗಿ, ರಕ್ತದ ಸಕ್ಕರೆ ಕುಸಿದು, ಬೆಕ್ಕು ತೂರಾಡಿ ಸೆಳೆತಕ್ಕೆ ಒಳಗಾಗಬಹುದು. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಇಡುವ ಹಾಲನ್ನ, ಮೊಸರನ್ನ ಈ ಬೆಕ್ಕಿಗೆ ಎರಡು ಕಾರಣಕ್ಕೂ ಸಲ್ಲದು.

ಉಳಿದ ಔಷಧಗಳಲ್ಲಿ ಸೆಟಿರಿಜಿನ್, ಕ್ಲೋರ್‌ಫೆನಿರಮಿನ್ ಸಕ್ಕರೆಯನ್ನು ಅಷ್ಟಾಗಿ ಕದಡದಿದ್ದರೂ ಅವುಗಳ ಫಲ ಬೆಕ್ಕಿನಿಂದ ಬೆಕ್ಕಿಗೆ ಬೇರೆ. ಕ್ಲೋರ್‌ಫೆನಿರಮಿನ್ ಇದೆಯೆಂದು ಮನೆಯ ನೆಗಡಿ ಮಾತ್ರೆಯನ್ನು ಮುರಿದು ಕೊಡುವುದು ಮಾರಕ ತಪ್ಪು, ಏಕೆಂದರೆ ಅದರೊಳಗೆ ಪ್ಯಾರಾಸಿಟಮಾಲ್ ಸೇರಿರುವುದು ಸಾಮಾನ್ಯ. ಮೇಲೆ ಹೇಳಿದ ಕಿಣ್ವದ ಕೊರತೆಯಿಂದಲೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಸೈಕ್ಲೋಸ್ಪೋರಿನ್ ಕೂಡ ಸಕ್ಕರೆಯನ್ನು ಏರಿಸಬಹುದಾದ್ದರಿಂದ ತಜ್ಞರ ನಿಗಾ ಬೇಕು. ಅಲರ್ಜಿಯಿಂದ ಉಬ್ಬಸ ಬಂದ ಬೆಕ್ಕಿಗೆ ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡನ್ನು ಮುಖಕವಚವಿರುವ ಕೊಳವೆಯ ಮೂಲಕ ಉಸಿರಿಗೆ ಕೊಟ್ಟರೆ, ಅದು ಬಹುಪಾಲು ಶ್ವಾಸಕೋಶದಲ್ಲೇ ಕೆಲಸ ಮಾಡಿ, ರಕ್ತದಲ್ಲಿ ಸೇರುವುದು ಕಡಿಮೆ.

ಉಸಿರೇ ಕಟ್ಟುವ ಸಂದರ್ಭದಲ್ಲಿ ಸ್ಟೀರಾಯ್ಡ್ ಅನಿವಾರ್ಯವಾಗಬಹುದು. ಆಗ ಕನಿಷ್ಠ ಪ್ರಮಾಣದಲ್ಲಿ, ಕೆಲವೇ ದಿನ ಕೊಟ್ಟು, ಕಿವಿಯಂಚಿನ ಒಂದು ಹನಿ ರಕ್ತದಿಂದ ಮನೆಯಲ್ಲೇ ಸಕ್ಕರೆ ನೋಡುತ್ತಿರಬೇಕು, ಏಕೆಂದರೆ ಆಸ್ಪತ್ರೆಯ ಗಾಬರಿಯೇ ಬೆಕ್ಕಿನ ಸಕ್ಕರೆಯನ್ನು ಏರಿಸುತ್ತದೆ. ಇನ್ಸುಲಿನ್ ಮತ್ತೆ ಬೇಕಾದರೆ ಸಿರಿಂಜಿನ ಮೇಲೂ ಗಮನವಿರಲಿ: ಭಾರತದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ಬಳಕೆಯಲ್ಲಿದ್ದು, ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಮುಚ್ಚಳ ಇರುವುದು ರೂಢಿ, ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ತಪ್ಪುತ್ತದೆ.

ಬೆಕ್ಕು ಸಾಕಿದವರಲ್ಲಿ ಒಂದು ಕೋರಿಕೆಯಿದೆ. ಚಿಕಿತ್ಸಾ ಪುಸ್ತಕದ ಮೊದಲ ಪುಟದಲ್ಲಿ, ಈ ಬೆಕ್ಕಿಗೆ ಮಧುಮೇಹವಿತ್ತು, ಇನ್ಸುಲಿನ್ ನಿಲ್ಲಿಸಿದ್ದು ಇಂಥ ದಿನ ಎಂದು ದೊಡ್ಡಕ್ಷರದಲ್ಲಿ ಬರೆದಿಡಿ. ಹೊಸ ವೈದ್ಯರು ಯಾವ ಚುಚ್ಚುಮದ್ದನ್ನು ಕೈಗೆತ್ತಿಕೊಂಡರೂ ಮೊದಲು ಆ ಪುಟವನ್ನು ಅವರಿಗೆ ತೋರಿಸಿ.