ಸೋಲಾರ್ ಪ್ಲೇಟಿನ ವಾಟ ನೋಡಿಕೊಳ್ಳಿ

2023ರ ಡಿಸೆಂಬರಿನಲ್ಲಿ ನಮ್ಮ ಸೋಲಾರ್ ಪಂಪು ನೀರು ಎತ್ತೋದು ಕಡಿಮೆಯಾಯಿತು. ಮೋಡ ಇಲ್ಲ, ಪ್ಲೇಟಿನ ಮೇಲೆ ಧೂಳೂ ಇಲ್ಲ. ಬೋರೇ ಬತ್ತಿತೇನೋ ಅಂತ ಎದೆ ಧಸಕ್ಕೆಂದಿತು. ಇನ್ನೊಂದು ಕೊರೆಸೋ ಮಾತೂ ಮನೆಯಲ್ಲಿ ಎದ್ದಿತು.

ತಪ್ಪು ಬೋರಿನದಲ್ಲ. ಕೂರಿಸಿದವರು ಪ್ಲೇಟನ್ನು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿಸಿ ಹೋಗಿದ್ದರು. ಬೇಸಿಗೆಯಲ್ಲಿ ಗೊತ್ತಾಗಲಿಲ್ಲ. ನಮ್ಮ ಚಿತ್ರದುರ್ಗದ ಕಡೆ ಏಪ್ರಿಲ್ ಕೊನೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ನೆತ್ತಿಯಿಂದ 37-38 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಓರೆ ಬಿಸಿಲು ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತೆ. ಮಲಗಿದ ಪ್ಲೇಟಿಗೆ ಆಗ ನಡುಹಗಲಲ್ಲೇ ಐದರಲ್ಲೊಂದು ಪಾಲು ಬಿಸಿಲು ಖೋತಾ!

ಪರೀಕ್ಷೆ ಸುಲಭ. ಮಧ್ಯಾಹ್ನ ಒಂದು ಪೆನ್ಸಿಲನ್ನು ಪ್ಲೇಟಿನ ಮೇಲೆ ನೆಟ್ಟಗೆ ಹಿಡಿಯಿರಿ. ನೆರಳು ಬುಡದಲ್ಲೇ ಅಡಗಿದರೆ ಬಿಸಿಲು ನೇರ. ನೆರಳು ಉದ್ದವಾದಷ್ಟೂ ನಷ್ಟ.

ನಾವು ಸ್ವಿಚ್ ಆಫ್ ಮಾಡಿ, ಬೋಲ್ಟು ಸಡಿಲಿಸಿ, ಉತ್ತರದ ಅಂಚು ಎತ್ತಿ ದಕ್ಷಿಣಕ್ಕೆ 30 ಡಿಗ್ರಿ ವಾಲಿಸಿದೆವು. ಅವತ್ತೇ ತೊಟ್ಟಿ ಬೇಗ ತುಂಬಿತು. ಏಪ್ರಿಲಿಗೆ ಮತ್ತೆ ಇಳಿಸುತ್ತೇವೆ. ಆಷಾಢದ ಗಾಳಿಗೂ ತಗ್ಗಿದ ಪ್ಲೇಟೇ ವಾಸಿ. ಪೂರ್ತಿ ಮಟ್ಟಸ ಮಾತ್ರ ಬೇಡ, ಧೂಳು ನಿಲ್ಲುತ್ತೆ. ವರ್ಷಕ್ಕೆ ಎರಡು ಸಲ ತಿರುಗಿಸೋದು ಆಗದವರು 15 ಡಿಗ್ರಿಗೆ ಬಿಗಿದುಬಿಡಿ.